ಮಿಕ್ಕಿದ ಬಟ್ಟೆಯ ಹಕ್ಕಿಗಳು

ಟೇಪ್ ಮಾವನ ಬಗ್ಗೆ ನಮ್ಮ ಬೀದಿಯವರು ಹೇಳುತ್ತಿದ್ದದ್ದು ಇಷ್ಟೇ: "ಅವರ ಕೈಗೆ ಬಟ್ಟೆ ಕೊಟ್ಟಮೇಲೆ ಹೊಲಿಗೆ ಬಗ್ಗೆ ಚಿಂತೆ ಬೇಡ, ಮಿಕ್ಕಿದ್ದರ ಬಗ್ಗೆ ಆಸೆ ಬೇಡ."

ದರ್ಜಿ ಅಂದಮೇಲೆ ಕೊರಳಲ್ಲಿ ಟೇಪು ಇರುವುದು ಸಹಜವೇ. ಆದರೆ ಇವರ ಕೊರಳಲ್ಲಿ ಅದು ಊಟಕ್ಕೆ ಕೂತಾಗಲೂ ಇರುತ್ತಿತ್ತು. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲ ಮೊಳೆಗೆ ನೇತಾಡಿಕೊಂಡು ಕಾಯುತ್ತಿತ್ತು, ಹೊರಗೆ ಬಂದ ಕೂಡಲೇ ಮತ್ತೆ ಹೆಗಲೇರುತ್ತಿತ್ತು. ಮಕ್ಕಳು ಟೇಪ್ ಮಾವ ಅಂದರು, ಮಕ್ಕಳ ಬಾಯಿಂದ ದೊಡ್ಡವರ ಬಾಯಿಗೆ ಬಂತು. ಕೊನೆಗೆ ಜೊತೆಯಲ್ಲಿದ್ದ ಸ್ವಂತ ಅಕ್ಕನೂ ಸಿಟ್ಟು ನೆತ್ತಿಗೇರಿದಾಗ ಹಾಗೇ ಕರೆಯತೊಡಗಿದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲೊಂದು ಬಟ್ಟೆ ಕತ್ತರಿಸುವ ಮೇಜು. ಅದನ್ನು ಬಡಗಿ ಕೋಣೆಯೊಳಗೇ ಕೂತು ಜೋಡಿಸಿದ್ದ. ಮುಗಿದಮೇಲೆ ನೋಡಿದರೆ ಮೇಜು ಬಾಗಿಲಿಗಿಂತ ಅಗಲ. ಹಾಗಾಗಿ ಅದು ಅಲ್ಲೇ ಹುಟ್ಟಿ ಅಲ್ಲೇ ಬೆಳೆದ ಮಗುವಿನಂತೆ ಮನೆ ಬಿಟ್ಟು ಹೊರಗೆ ಹೋದದ್ದೇ ಇಲ್ಲ. ಗಿರಾಕಿಗಳು ಮೇಜಿಗೂ ಗೋಡೆಗೂ ನಡುವೆ ಅಡ್ಡಡ್ಡ ತಿರುಗಿ, ಉಸಿರು ಬಿಗಿಹಿಡಿದು, ಏಡಿಯ ಹಾಗೆ ನುಸುಳಿಕೊಂಡು ಕನ್ನಡಿಯ ಹತ್ತಿರ ಬರಬೇಕಿತ್ತು.

ಬಂದವರು ಹೊಲಿದ ಬಟ್ಟೆ ಹಾಕಿ ನೋಡುತ್ತಿದ್ದರು. ಭುಜ ಕೂತಿದೆ, ಕಾಲರ್ ಕೂತಿದೆ, ಹೊಲಿಗೆ ಸಾಲಿಟ್ಟ ಇರುವೆಯ ಹಾಗೆ ನೆಟ್ಟಗಿದೆ. ಖುಷಿಯಾಗಿ ಒಂದು ಸುತ್ತು ತಿರುಗಿ, ಹೊರಡುವ ಮುಂಚೆ ಕೇಳುತ್ತಿದ್ದರು: "ಮಾವ, ಬಟ್ಟೆ ಏನಾದ್ರೂ ಮಿಕ್ತಾ?"

ಟೇಪ್ ಮಾವ ಕನ್ನಡಕ ತೆಗೆಯುತ್ತಿದ್ದರು. ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಕೆಟ್ಟ ಸುದ್ದಿ ಹೇಳುವ ಮುಂಚೆ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರಲ್ಲ, ಹಾಗೆ ಒಂದು ಹೆಜ್ಜೆ ಮುಂದೆ ಬಂದು, ದನಿ ತಗ್ಗಿಸಿ, "ಮಿಕ್ಕಲಿಲ್ಲ. ಸೊಂಟದ ಹತ್ತಿರ ಬಟ್ಟೆ ಸ್ವಲ್ಪ ಜಾಸ್ತಿ ಹಿಡಿದುಬಿಡ್ತು," ಅನ್ನುತ್ತಿದ್ದರು.

ಆಮೇಲೆ ಯಾರು ಬಾಯಿ ತೆರೆದಾರು? ಒಬ್ಬೊಬ್ಬರಿಗೆ ಸೊಂಟ, ಒಬ್ಬೊಬ್ಬರಿಗೆ ಬೆನ್ನು, ಒಬ್ಬೊಬ್ಬರಿಗೆ ತೋಳು. ಬರುವಾಗ ಮೇಜಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿದ ನೆನಪು ಬೇರೆ ಹಸಿಯಾಗಿರುತ್ತಿತ್ತು. ತಲೆ ತಗ್ಗಿಸಿಕೊಂಡು ಮತ್ತದೇ ಸಂದಿಯಲ್ಲಿ, ಈ ಸಲ ಇನ್ನಷ್ಟು ಹೊಟ್ಟೆ ಒಳಗೆಳೆದುಕೊಂಡು ಹೊರಟುಹೋಗುತ್ತಿದ್ದರು. ಮನೆಗೆ ಹೋಗಿ ಯಾರಿಗೂ ಹೇಳುತ್ತಿರಲಿಲ್ಲ. ಹೇಳುವಂಥ ಮಾತೇ ಅದು? ಆದರೆ ಬೀದಿಯನ್ನು ಕಣ್ಣಿಟ್ಟು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಬೆಳಗಾದರೆ ಯಾರು ನೋಡಿದರೂ ಕೈ ಬೀಸಿಕೊಂಡು ವಾಕಿಂಗ್ ಹೊರಡುವವರೇ. ಸೈಕಲ್ಲಿನಲ್ಲಿ ಕಾಗದ ಹಂಚುತ್ತಿದ್ದ ಪೋಸ್ಟ್‌ಮ್ಯಾನ್ ಸೈಕಲ್ಲನ್ನು ಪಕ್ಕದಲ್ಲಿ ತಳ್ಳಿಕೊಂಡು ನಡೆಯತೊಡಗಿದರು. ಎಲ್ಲಕ್ಕಿಂತ ಕಷ್ಟ ಮೂಲೆಮನೆಯ ಬೇಕರಿಯಮ್ಮನದು. ಬೆಳಗಿನಿಂದ ಸಂಜೆತನಕ ಬಿಸಿ ಬನ್ನಿನ ಪಕ್ಕದಲ್ಲಿ ನಿಂತು, ಒಂದೇ ಒಂದು ಚೂರೂ ಬಾಯಿಗೆ ಹಾಕದೆ ಮೂಗಿನಲ್ಲೇ ಊಟ ಮಾಡುತ್ತಿದ್ದರು. ಅದನ್ನು ಕಂಡ ಹೊಸ ಗಿರಾಕಿಗಳು ಪಿಸುಗುಟ್ಟುತ್ತಿದ್ದರು: "ಆಯಮ್ಮನೇ ತಿನ್ನಲ್ಲ ಕಣ್ರೀ. ಅದಕ್ಕೆ ಏನು ಹಾಕ್ತಾರೋ ಏನೋ!"

ಈಗ ನಿಜ ಹೇಳಬೇಕು. ಬಟ್ಟೆ ಮಿಕ್ಕುತ್ತಿತ್ತು. ಟೇಪ್ ಮಾವನ ಕತ್ತರಿ ಎಂಥದೆಂದರೆ ಎಲ್ಲರದೂ ಮಿಕ್ಕುತ್ತಿತ್ತು. ಆ ತುಂಡುಗಳೆಲ್ಲ ಹಕ್ಕಿಗಳಾಗುತ್ತಿದ್ದವು.

ಮೊದಲು ಅವರು ಹೀಗಿರಲಿಲ್ಲ. ಅಂಗೈಯಗಲದ ಚೂರನ್ನೂ ಸುತ್ತಿ, ದಾರ ಕಟ್ಟಿ ವಾಪಸು ಕೊಡುವ ಪೈಕಿ. ಹೊಲಿಗೆ ಮೆಷಿನ್ ಇದ್ದದ್ದು ಹಿಂದಿನ ಕೋಣೆಯ ಕಿಟಕಿಯ ಪಕ್ಕ. ಕಿಟಕಿಯಾಚೆ ಪುಟ್ಟ ಹಿತ್ತಲು, ಒಂದು ಮರ, ಒಂದು ಮುರುಕು ಗೇಟು. ಒಂದು ವಸಂತದಲ್ಲಿ ಮೆಷಿನ್ನಿನ ಮರದ ಡ್ರಾಯರೇ ಕಿತ್ತು ಕೈಗೆ ಬಂತು. ಎಸೆಯಲು ಮನಸ್ಸಾಗದೆ, ನಾಲ್ಕು ಮೂಲೆಗೂ ಲಾಡಿ ಕಟ್ಟಿ ಮರದ ಕೊಂಬೆಗೆ ನೇತುಹಾಕಿ, ಒಳಗೆ ಒಂದು ಹಿಡಿ ಕಾಳು ಸುರಿದರು. ಗುಬ್ಬಿ ಬಂತು, ಪಾರಿವಾಳ ಬಂತು, ಯಾರೂ ಕರೆಯದಿದ್ದರೂ ಕಾಗೆ ಬಂತು. ಟೇಪ್ ಮಾವ ಒಂದು ದಪ್ಪ ಡ್ರಾಯಿಂಗ್ ಪುಸ್ತಕ ತಂದು, ಬಂದವರನ್ನೆಲ್ಲ ಬಣ್ಣದಲ್ಲಿ ಬರೆಯಲು ಕೂತರು.

ಬರೆದರೂ ದರ್ಜಿಯ ಕಣ್ಣು ಎಲ್ಲಿಗೆ ಹೋಗುತ್ತದೆ? ಪಾರಿವಾಳದ ಪಕ್ಕದಲ್ಲಿ ಬರೆದರು: "ಎದೆ ತುಂಬ ಮುಂದೆ. ಬಟನ್ ನಿಲ್ಲುವುದಿಲ್ಲ." ಗುಬ್ಬಿಯ ಪಕ್ಕದಲ್ಲಿ: "ಕತ್ತೇ ಇಲ್ಲ. ಕಾಲರ್ ಎಲ್ಲಿ ಕೂರಿಸುವುದು?" ಕಾಗೆಯ ಪಕ್ಕದಲ್ಲಿ: "ಬೂದು ಜಾಕೆಟ್, ಕರಿ ಪ್ಯಾಂಟು. ಮದುವೆಗೆ ಹೊರಟವನ ಠೀವಿ. ನಡತೆ ಸಾಲದು." ಎಲೆಗಳನ್ನು ಹೊಲಿದು ಗೂಡು ಮಾಡುವ ದರ್ಜಿ ಹಕ್ಕಿ ಆ ಮರದಲ್ಲೇ ಮನೆ ಹೂಡಿತ್ತು. ಬೀದಿಯವರು "ನಿಮ್ಮ ಕಸುಬಿನವರೇ ಬಂದಿದಾರಲ್ಲ ಮಾವ" ಎಂದು ತಮಾಷೆ ಮಾಡಿದರೆ ಇವರಿಗೆ ಹಿಡಿಸುತ್ತಿರಲಿಲ್ಲ. "ಅದರ ಹೊಲಿಗೆ ನೋಡಿದೀರಾ? ಒಂದು ಟಾಕು ಇಲ್ಲಿ, ಇನ್ನೊಂದು ಪಕ್ಕದೂರಲ್ಲಿ. ಒಂದು ಗಾಳಿಗೆ ಬಿಚ್ಕೊಳ್ಳುತ್ತೆ," ಎಂದು ಮುಖ ತಿರುಗಿಸುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಡ್ರಾಯರಿನ ಮೇಲೆ ಗಿಳಿ ಬಂದು ಕೂತಿತು. ಟೇಪ್ ಮಾವ ಹಸಿರು ಬಣ್ಣ ಕಲಸಿದರು, ಸೊಪ್ಪಿನ ಹಾಗೆ ಬಂತು. ಹಳದಿ ಬೆರೆಸಿದರು, ಪಾಚಿಯ ಹಾಗೆ ಬಂತು. ತಲೆ ಕೆರೆದುಕೊಂಡು ಮೆಷಿನ್ನಿನ ಮೇಲೆ ನೋಡುತ್ತಾರೆ, ಬೇಕರಿಯಮ್ಮನ ಹಸಿರು ರೇಷ್ಮೆ ಅಂಗಿ ಹೊಲಿದು ಮಿಕ್ಕಿದ ತುಂಡು ಬಿದ್ದಿದೆ. ಬಿಸಿಲಿಗೆ ಹೊಳೆಯುತ್ತಿದೆ. ಕಿಟಕಿಯಾಚೆಯ ಗಿಳಿಗೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕೈ ತಾನಾಗಿ ಕತ್ತರಿಗೆ ಹೋಯಿತು. ರೆಕ್ಕೆ ಕತ್ತರಿಸಿ, ಅಂಟಿಸಿ, ಕೆಂಪು ದಾರದಲ್ಲಿ ಕೊಕ್ಕು, ಕರಿ ದಾರದ ಗಂಟಿನಲ್ಲಿ ಕಣ್ಣು ಮಾಡಿದರು. ಗಿಳಿ ಪುಸ್ತಕದಿಂದ ಹಾರಿಹೋದೀತು ಅನ್ನುವಂತಿತ್ತು. ಇನ್ನೊಂದು ಮಾಡಿದರು. ಮತ್ತೊಂದು. ಒಂದು ಕೊಂಬೆ ತುಂಬ ಗಿಳಿಗಳಾಗುವ ಹೊತ್ತಿಗೆ ಬೇಕರಿಯಮ್ಮ ಮೇಜಿನ ಸಂದಿಯಲ್ಲಿ ನುಸುಳಿಕೊಂಡು ಬಂದೇಬಿಟ್ಟರು.

"ಮಾವ, ಬಟ್ಟೆ ಮಿಕ್ತಾ?"

ಅಂಟು ಇನ್ನೂ ಆರಿರಲಿಲ್ಲ. ಟೇಪ್ ಮಾವ ಕನ್ನಡಕ ತೆಗೆದರು. ಬಾಯಿಂದ ಏನು ಬರುತ್ತದೆಂದು ಅವರಿಗೇ ಗೊತ್ತಿರಲಿಲ್ಲ. "ಇಲ್ಲಮ್ಮ... ತೋಳಿನ ಹತ್ತಿರ ಸ್ವಲ್ಪ ಹಿಡಿದುಬಿಡ್ತು."

ಬೇಕರಿಯಮ್ಮ ತಮ್ಮ ತೋಳನ್ನು ಒಮ್ಮೆ ನೋಡಿಕೊಂಡರು. ಮತ್ತದೇ ಸಂದಿಯಲ್ಲಿ ನುಸುಳಿ ಹೊರಟುಹೋದರು. ಬನ್ನು ಬಿಟ್ಟದ್ದು ಅಂದಿನಿಂದಲೇ.

ಆಮೇಲೆ ಕೇಳಬೇಕೆ? ಪೋಸ್ಟ್‌ಮ್ಯಾನಿನ ಖಾಕಿ ಗುಬ್ಬಿಯ ಬೆನ್ನಿಗೆ ಹೇಳಿಮಾಡಿಸಿದಂತಿತ್ತು. ಬ್ಯಾಂಕಿನವರ ಸೂಟಿನ ಬೂದು ಪಾರಿವಾಳಕ್ಕೆ ಹೋಯಿತು. ವರ್ಷ ವರ್ಷ ವಸಂತ ಬಂದಾಗ ಗಂಡು ಹಕ್ಕಿಗಳೆಲ್ಲ ಮದುವೆ ಗಂಡಿನಂತೆ ಬಣ್ಣ ಬದಲಾಯಿಸುತ್ತಿದ್ದವು, ಟೇಪ್ ಮಾವನ ಸುಳ್ಳುಗಳೂ ಹೊಸದಾಗಿ ಚಿಗುರುತ್ತಿದ್ದವು. ಪುಸ್ತಕ ಉಬ್ಬಿ ಉಬ್ಬಿ ದಿಂಬಿನಷ್ಟಾಯಿತು. ಅದನ್ನು ಕಂಡವರು ಅಕ್ಕ ಒಬ್ಬರೇ. ಟೇಪ್ ಮಾವನಿಗೆ ಒಳಗೊಳಗೇ ಒಂದು ಆಸೆ: ಯಾರಾದರೂ ನೋಡಬೇಕು, ನೋಡಿ 'ಅಬ್ಬಾ' ಅನ್ನಬೇಕು. ಆದರೆ ತೋರಿಸಿದರೆ ಮಾನ ಹೋಗುತ್ತದೆ. ದರ್ಜಿಯ ಮಾನ ಹೋದಮೇಲೆ ಮತ್ತೆ ಯಾರು ಅವನ ಟೇಪಿಗೆ ಕೈ ಎತ್ತಿ ನಿಲ್ಲುತ್ತಾರೆ?

ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿ, ವಾರ್ಡಿನ ಈ ತುದಿಯಿಂದ ಆ ತುದಿಗೆ ಕೂಗಿ ಕೂಗಿ ಗಂಟಲು ಬೆಳೆಸಿಕೊಂಡವರು. ಅವರಿಗೆ ಹಕ್ಕಿಗಳ ಮೇಲೆ ಮಮತೆಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಒಣಹಾಕಿದ ಬಟ್ಟೆ ಮೇಲೆ ಅವು ಮಾಡುವ ಕೆಲಸದ ಬಗ್ಗೆ ಮಾತ್ರ ತಕರಾರಿತ್ತು. ಹೀಗೇ ಒಂದು ವಸಂತದಲ್ಲಿ ಬೀದಿಯ ಲೈಬ್ರರಿ ಮೇಡಂ ಪರದೆ ಹೊಲಿಸಲೆಂದು ಬಂದಾಗ ಟೇಪ್ ಮಾವ ದಾರ ತರಲು ಹೊರಗೆ ಹೋಗಿದ್ದರು. ಅಕ್ಕ ಹಕ್ಕಿಗಳ ಮೇಲೆ ಚಾಡಿ ಹೇಳುತ್ತಾ ಹೇಳುತ್ತಾ, "ಇವುಗಳ ಚಂದಕ್ಕೆ ಪುಸ್ತಕ ಬೇರೆ ಕೇಡು ನೋಡಿ," ಎಂದು ಪುಸ್ತಕ ತಂದು ಮೇಜಿನ ಮೇಲೆ ಬಿಸಾಕಿದರು. ಮೇಡಂ ಒಂದು ಹಾಳೆ ತಿರುವಿದರು. ಇನ್ನೊಂದು ತಿರುವಿದರು. ಪರದೆಯ ವಿಷಯ ಮರೆತೇ ಹೋಯಿತು.

ಟೇಪ್ ಮಾವ ವಾಪಸು ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು.

"ಲೋ, ನಿನ್ನ ಹಕ್ಕಿ ಪುಸ್ತಕ ಲೈಬ್ರರಿ ಗೋಡೆ ಮೇಲೆಲ್ಲ ಹಾಕ್ತಾರಂತೆ. ಒಂದೊಂದೇ ಹಾಳೆ, ಸಾಲಾಗಿ. ಭಾನುವಾರ ಇಡೀ ಬೀದಿ ಬರುತ್ತೆ. ನಾನು ಹೂಂ ಅಂದುಬಿಟ್ಟೆ."

ಟೇಪ್ ಮಾವ ಹೊಸ್ತಿಲ ಮೇಲೇ ಕುಸಿದು ಕೂತರು. "ಅಕ್ಕಾ... ನನ್ನನ್ನ ಬೀದಿಗೆ ತಂದುಬಿಟ್ಟೆಯಲ್ಲೇ!"

"ಹುಟ್ಟಿದಾಗಿಂದ ಬೀದಿಯಲ್ಲೇ ಇದೀಯಲ್ಲೋ. ಏಳು, ಕಾಲಿಗೆ ಅಡ್ಡ."

ಆಗ ಟೇಪ್ ಮಾವ ಬಾಯಿಬಿಟ್ಟರು. ಯಾರದು ಸೊಂಟ, ಯಾರದು ಬೆನ್ನು, ಯಾರದು ತೋಳು, ಎಲ್ಲ. ಅಕ್ಕ ಮೊದಲು ನಕ್ಕರು. ನಗುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದರು.

"ತಡಿ ತಡಿ. ನನ್ನ ಬೂದು ಕೋಟು?"

ಟೇಪ್ ಮಾವ ನೆಲ ನೋಡಿದರು.

"ನಂಗೂ ಹೇಳಿದ್ಯಲ್ಲೋ, ಬೆನ್ನಿನ ಹತ್ತಿರ ಹಿಡೀತು ಅಂತ! ಒಡಹುಟ್ಟಿದವಳಿಗೆ! ಯಾವ ಹಕ್ಕಿಗೆ ಹಾಕಿದೆ?"

"...ಕಾಗೆ ಕತ್ತಿಗೆ."

"ಕಾಗೆಗಾ?" ಅಕ್ಕನ ದನಿಗೆ ಹಿತ್ತಲಿನ ಗುಬ್ಬಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. "ಅವಳ್ಯಾರೋ ಬೇಕರಿಯವಳು ಗಿಳಿ ಆಗಬಹುದು, ನಾನು ಕಾಗೆ ಆಗಬೇಕಾ?"

ಅಂದು ಅವರು ಅಡುಗೆಮನೆಯ ಪಾತ್ರೆಗಳ ಜೊತೆ ಮಾತ್ರ ಮಾತಾಡಿದರು, ಅದೂ ಜೋರಾಗಿ.

ಮಧ್ಯಾಹ್ನ ಟೇಪ್ ಮಾವನಿಗೆ ಒಂದು ಉಪಾಯ ಹೊಳೆಯಿತು. ಗುರುತು ಸಿಕ್ಕಿದರೆ ತಾನೆ ತಂಟೆ? ಬಟ್ಟೆಯ ಮೇಲೆಲ್ಲ ಕಪ್ಪು ಬಣ್ಣ ಬಳಿದುಬಿಟ್ಟರೆ? ಎಲ್ಲವೂ ಕಾಗೆಗಳೇ ಆಗಿಹೋಗಲಿ. ಕುಂಚವನ್ನು ಕಪ್ಪಿನಲ್ಲಿ ಅದ್ದಿ, ಮೊದಲನೆಯ ಗಿಳಿಯ ಮೇಲೆ ಹಿಡಿದರು. ದಾರದ ಗಂಟಿನ ಕಣ್ಣು ಅವರನ್ನೇ ನೋಡುತ್ತಿತ್ತು. ಕಿಟಕಿಯಾಚೆ, ಡ್ರಾಯರಿನ ಅಂಚಿನಲ್ಲಿ, ನಿಜವಾದ ಗಿಳಿಯೊಂದು ಕಾಳು ಕಚ್ಚಿಕೊಂಡು ತಲೆ ಓರೆ ಮಾಡಿ ಅದೇ ರೀತಿ ನೋಡುತ್ತಿತ್ತು. ಕುಂಚದ ತುದಿಯಿಂದ ಒಂದು ಹನಿ ಕೆಳಗಿಳಿದು ಮೆಷಿನ್ನಿನ ಮೇಲೆ ಬಿತ್ತು.

"ಏನೋ ಮಾಡ್ತಿದೀಯಾ?" ಅಕ್ಕ ಬಾಗಿಲಿಂದ ಕೇಳಿದರು.

"ಆಗಲ್ಲಕ್ಕ." ಟೇಪ್ ಮಾವ ಕುಂಚ ಕೆಳಗಿಟ್ಟರು. "ಗಿಳಿ ಮುಖಕ್ಕೆ ಮಸಿ ಬಳಿಯೋ ಬದಲು ನನ್ನ ಮುಖಕ್ಕೇ ಬಳೀಲಿ ಬಿಡು."

ಭಾನುವಾರ ಲೈಬ್ರರಿಯ ಓದುವ ಕೋಣೆಯಲ್ಲಿ ಕುರ್ಚಿಗಳನ್ನೆಲ್ಲ ಒಂದು ಕಡೆ ಪೇರಿಸಿಟ್ಟಿದ್ದರು. ಗೋಡೆಯುದ್ದಕ್ಕೂ ಹಕ್ಕಿಗಳು. ಟೇಪ್ ಮಾವ ಬಾಗಿಲ ಹತ್ತಿರ, ಓಡಿಹೋಗಲು ಅನುಕೂಲವಾಗುವ ಜಾಗ ನೋಡಿಕೊಂಡು ನಿಂತರು. ಅಕ್ಕ ಅವರ ಟೇಪಿನ ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತರು.

ಜನ ಬಂದರು. ಮೊದಲು "ಅಬ್ಬಾ" ಅಂದರು. ಬಾಯಿ ತುಂಬ ಅಂದರು. ಎಷ್ಟೋ ವರ್ಷ ಕಾದಿದ್ದ ಮಾತು ಕಿವಿಗೆ ಬಿದ್ದರೂ ಟೇಪ್ ಮಾವನಿಗೆ ಸವಿಯಲಾಗಲಿಲ್ಲ, ಮುಂದಿನದು ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಗದ್ದಲ ತಗ್ಗಿತು. ಪೋಸ್ಟ್‌ಮ್ಯಾನ್ ಗುಬ್ಬಿಯ ಹತ್ತಿರ ಮೂಗು ತಗುಲಿಸಿ ನೋಡಿದರು. ತಮ್ಮ ತೋಳನ್ನು ಗುಬ್ಬಿಯ ಬೆನ್ನಿಗೆ ಹಿಡಿದು ನೋಡಿದರು. ಬ್ಯಾಂಕಿನವರು ಪಾರಿವಾಳದ ಮುಂದೆ ಗಂಟಲು ಸರಿಮಾಡಿಕೊಂಡರು. ಆಮೇಲೆ ಯಾರೂ ಹಕ್ಕಿ ನೋಡಲಿಲ್ಲ. ಎಲ್ಲರೂ ತಮ್ಮನ್ನು ತಾವು ಹುಡುಕತೊಡಗಿದರು.

ಅಷ್ಟರಲ್ಲಿ ಒಲೆ ಆರಿಸಿ, ಕೈಯ ಹಿಟ್ಟು ಕೂಡ ತೊಳೆಯದೆ ಬೇಕರಿಯಮ್ಮ ಬಂದರು. ನೆಟ್ಟಗೆ ಗಿಳಿಗಳ ಮುಂದೆ ಹೋಗಿ ನಿಂತರು. ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಸೂಜಿಯ ಸದ್ದಿನ ಅಭ್ಯಾಸವಿದ್ದ ಟೇಪ್ ಮಾವನಿಗಂತೂ ತಮ್ಮ ಎದೆಬಡಿತ ಮೆಷಿನ್ನಿನ ಹಾಗೆ ಕೇಳಿಸುತ್ತಿತ್ತು.

"ಮಾವ, ಇದು ನನ್ನ ರೇಷ್ಮೆ ಅಂಗೀದಲ್ವಾ?"

"ಹೌದಮ್ಮ."

"ಒಂದು ಕೊಂಬೆ ಗಿಳಿ ಆಗೋಷ್ಟು ಮಿಕ್ಕಿತ್ತಾ?"

"ಮಿಕ್ಕಿತ್ತಮ್ಮ."

"ಹಾಗಾದ್ರೆ... ನನ್ನ ತೋಳು?"

ಟೇಪ್ ಮಾವ ಕನ್ನಡಕ ತೆಗೆಯಲು ಹೋಗಿ, ತೆಗೆಯದೆ ಬಿಟ್ಟರು. "ನಿಮ್ಮ ತೋಳಿಗೇನಾಗಿತ್ತಮ್ಮ? ಸರಿಯಾಗೇ ಇತ್ತು. ಸುಳ್ಳು ಹೇಳಿದ್ದು ನಾನು."

ಬೇಕರಿಯಮ್ಮ ಗೋಡೆ ಹಿಡಿದುಕೊಂಡರು. ಅವರು ಕೂಗಾಡುತ್ತಾರೆ ಅಂದುಕೊಂಡವರೇ ಎಲ್ಲ. ಅವರ ಬಾಯಿಂದ ಬಂದದ್ದು ಮಾತ್ರ ಬೇರೆ.

"ನಾನು ದಪ್ಪ ಇರಲಿಲ್ಲ! ಕೇಳಿದ್ರೇನ್ರೀ, ನಾನು ದಪ್ಪ ಇರಲೇ ಇಲ್ಲ!" ಎಂದು ಹಿಟ್ಟಿನ ಕೈಯನ್ನು ಮೇಲೆತ್ತಿದರು. ಮರುಕ್ಷಣ ಮುಖ ಸಣ್ಣದಾಯಿತು. "ಅಯ್ಯೋ, ನನ್ನ ಬನ್ನುಗಳೇ! ಇಷ್ಟು ವರ್ಷದ ಬಿಸಿ ಬಿಸಿ ಬನ್ನುಗಳೇ! ಮಾವ, ನಿಮ್ಮ ಬಾಯಿಗೆ ಟಾಕು ಹಾಕಬೇಕು!"

ಕೋಣೆಗೆ ಕೋಣೆಯೇ ನಗೆಯಲ್ಲಿ ಒಡೆಯಿತು. ಆಮೇಲೆ ಟೇಪ್ ಮಾವನನ್ನು ಎಲ್ಲರೂ ಸುತ್ತುವರಿದರು. ಬೈಯಲಲ್ಲ, ತೀರ್ಪು ಕೇಳಲು.

"ಮಾವ, ನನ್ನ ಬೆನ್ನು?"

"ಸುಳ್ಳು."

"ನನ್ನ ಸೊಂಟ?"

"ಅದೂ ಸುಳ್ಳು. ನಿಮ್ಮ ಸೊಂಟಕ್ಕೆ ನಾನೇ ದೃಷ್ಟಿ ತೆಗೀಬೇಕು."

ಒಬ್ಬೊಬ್ಬರೂ ಬಿಡುಗಡೆಯಾದ ಕೈದಿಯಂತೆ ಉಸಿರು ಬಿಟ್ಟು, ಇಷ್ಟು ವರ್ಷ ಒಳಗೆಳೆದಿದ್ದ ಹೊಟ್ಟೆಯನ್ನು ಮೊದಲ ಸಲ ಅದರ ಪಾಡಿಗೆ ಬಿಟ್ಟರು. ಕೊನೆಗೆ ಪೋಸ್ಟ್‌ಮ್ಯಾನ್ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಮಾವ, ನನ್ನ ಹೊಟ್ಟೆ?"

ಟೇಪ್ ಮಾವ ಅವರನ್ನು ನೋಡಿದರು. ಗುಬ್ಬಿಯನ್ನು ನೋಡಿದರು. ಇನ್ನು ಸುಳ್ಳು ಹೇಳುವುದಿಲ್ಲವೆಂದು ಒಳಗೇ ಆಣೆ ಇಟ್ಟುಕೊಂಡಾಗಿತ್ತು.

"ಪೋಸ್ಟಣ್ಣ, ನಿಮ್ಮದೊಂದು ಮಾತ್ರ ನಿಜ. ಅದಕ್ಕೇ ಗುಬ್ಬಿ ಅಷ್ಟು ಚಿಕ್ಕದು."

ಮರುದಿನ ಬೆಳಗ್ಗೆ ವಾಕಿಂಗ್ ಹೋದವರು ಪೋಸ್ಟ್‌ಮ್ಯಾನ್ ಒಬ್ಬರೇ. ಬೇಕರಿಯ ಮುಂದೆ ಉಳಿದವರೆಲ್ಲ ಸಾಲು ನಿಂತಿದ್ದರು. ಸಾಲಿನ ಮುಂದೆ ಬೇಕರಿಯಮ್ಮನೇ ಬನ್ನು ತಿನ್ನುತ್ತಾ ನಿಂತಿದ್ದರಿಂದ ಹೊಸ ಗಿರಾಕಿಗಳಿಗೂ ಧೈರ್ಯ ಬಂತು.

ಟೇಪ್ ಮಾವನ ಅಂಗಡಿಗೆ ಇನ್ನು ಯಾರೂ ಬರುವುದಿಲ್ಲ ಎಂದು ಅಕ್ಕ ಹೆದರಿದ್ದರು. ಬಂದರು, ಹೊಸ ತಲೆನೋವು ಹೊತ್ತುಕೊಂಡು ಬಂದರು. "ಮಿಕ್ಕಿದ್ದು ಇಟ್ಕೊಳ್ಳಿ ಮಾವ, ಆದ್ರೆ ಪಾರಿವಾಳಕ್ಕೆ ಬೇಡ, ನಮ್ಮ ಮನೆಯವರಿಗೆ ಆಗಲ್ಲ." "ನನ್ನ ಕಂದು ಬಣ್ಣಕ್ಕೆ ಗೊರವಂಕ ಸಿಗುತ್ತಾ? ಹೋದ ಸಲಾನೂ ಗುಬ್ಬಿ ಮಾಡಿದ್ರಿ." ಕಾಗೆಯಾಗಲು ಒಬ್ಬರೂ ಒಪ್ಪಲಿಲ್ಲ. ಅಕ್ಕ ಒಬ್ಬರೇ, ಪಟ್ಟ ಕಟ್ಟಿದಮೇಲೆ ಇಳಿಯುವುದು ಹೇಗೆ ಅನ್ನುವಂತೆ, ಬಂದವರಿಗೆಲ್ಲ "ಆ ಕಾಗೆ ಇದೆಯಲ್ಲ, ಅದು ನಾನು," ಎಂದು ತೋರಿಸಿಕೊಂಡು ತಿರುಗಿದರು.

ಹೀಗೆ ಹಲವು ವಸಂತಗಳು ಬಂದು ಹೋದವು. ಟೇಪ್ ಮಾವ ಇಳಿದು ಇಳಿದು ಕಡ್ಡಿಯಂತಾದರು. ಕೊನೆಕೊನೆಗೆ ಕೊರಳ ಟೇಪಿನ ಭಾರಕ್ಕೇ ಬಾಗಿದ್ದಾರೇನೋ ಅನ್ನಿಸುತ್ತಿತ್ತು. ಒಂದು ಬೆಳಗ್ಗೆ ಡ್ರಾಯರಿಗೆ ಕಾಳು ಸುರಿದು ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಅಕ್ಕ ಚಹಾ ತಂದು ಕರೆದಾಗ ಏಳಲಿಲ್ಲ. ಕನ್ನಡಕ ಕೈಯಲ್ಲಿತ್ತು.

ಹೊದಿಸಲು ಬಿಳಿ ಬಟ್ಟೆ ತಂದವರು ಬೇಕರಿಯಮ್ಮ. ಆ ದೊಡ್ಡ ಮೇಜಿನ ಮೇಲೆ ಹಾಸಿ, ಟೇಪ್ ಮಾವನ ಕತ್ತರಿಯಿಂದಲೇ ಕತ್ತರಿಸಿದರು. ಅಕ್ಕ ಗೋಡೆಗೊರಗಿ ಕೂತು ನೋಡುತ್ತಿದ್ದರು. ಅತ್ತು ಅತ್ತು ಅವರ ದೊಡ್ಡ ಗಂಟಲೂ ಕಟ್ಟಿಹೋಗಿತ್ತು. ಟೇಪ್ ಮಾವನನ್ನು ಅದೇ ಮೇಜಿನ ಮೇಲೆ ಮಲಗಿಸಿ ಹೊದಿಸಿದಮೇಲೆ ಅಕ್ಕ ಕೇಳಿದರು:

"ಬಟ್ಟೆ ಮಿಕ್ತೇನಮ್ಮಾ?"

ಬೇಕರಿಯಮ್ಮನ ಒಂದು ಕೈ ಬೆನ್ನ ಹಿಂದೆ ಹೋಗಿತ್ತು. ಅವರು ಒಂದು ಹೆಜ್ಜೆ ಮುಂದೆ ಬಂದು, ದನಿ ತಗ್ಗಿಸಿದರು.

"ಇಲ್ಲಕ್ಕ. ಹೊಟ್ಟೆ ಹತ್ತಿರ ಸ್ವಲ್ಪ ಹಿಡಿದುಬಿಡ್ತು."

ಕೋಣೆಯಲ್ಲಿದ್ದವರೆಲ್ಲ ಮೇಜಿನ ಮೇಲಿದ್ದ ಕಡ್ಡಿಯಂಥ ದೇಹವನ್ನು ನೋಡಿದರು. ಅಕ್ಕನೇ ಮೊದಲು ನಕ್ಕದ್ದು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ನಕ್ಕರು, ನಗುತ್ತಾ ಮತ್ತೆ ಅತ್ತರು.

"ಪಾರಿವಾಳ ಮಾಡು," ಎಂದರು ಅಕ್ಕ. "ಬಿಳಿ ಬಟ್ಟೆ ಅಂತ ಕೊಕ್ಕರೆ ಗಿಕ್ಕರೆ ಮಾಡಿಗೀಡೀಯಾ. ನಮ್ಮ ಹಿತ್ತಲಿಗೆ ಬಂದದ್ದನ್ನೇ ಮಾಡು."

ಮುಂಬಾಗಿಲಿಂದ ಒಯ್ಯಲು ಮೇಜು ಜಾಗ ಬಿಡಲಿಲ್ಲ. ಆ ಸಂದಿಯಲ್ಲಿ ಅಡ್ಡಡ್ಡ ನುಸುಳುವುದು ಇನ್ನು ಟೇಪ್ ಮಾವನಿಂದ ಆಗುವ ಕೆಲಸವಲ್ಲ. ಹಾಗಾಗಿ ಹಿಂಬಾಗಿಲಿಂದ, ಹಿತ್ತಲ ಮೂಲಕ ಹೊರಟರು. ಮರದ ಕೆಳಗೆ ಎಲ್ಲರೂ ಬಗ್ಗಿದರು. ಪೋಸ್ಟ್‌ಮ್ಯಾನಿಗೆ ಮಾತ್ರ ಹೊಟ್ಟೆ ಬಗ್ಗಗೊಡಲಿಲ್ಲ. ತಲೆ ಡ್ರಾಯರಿಗೆ ತಾಗಿ, ಬೆಳಗಿನ ಕಾಳೆಲ್ಲ ಬಿಳಿ ಬಟ್ಟೆಯ ಮೇಲೆ ಸುರಿಯಿತು. ಅವರು ಗಾಬರಿಯಿಂದ ಕೊಡವಲು ಕೈ ಚಾಚಿದರು.

"ಇರಲಿ ಬಿಡಪ್ಪ, ಕೊಡವಬೇಡ," ಎಂದರು ಅಕ್ಕ.

ಕಾಳು ಸಮೇತ ಟೇಪ್ ಮಾವ ಮುರುಕು ಗೇಟು ದಾಟಿದರು. ಒಂದು ಗುಬ್ಬಿ, ಕತ್ತೇ ಇಲ್ಲದ್ದು, ಬೀದಿಯ ತಿರುವಿನವರೆಗೂ ಹಿಂದೆ ಹಿಂದೆಯೇ ಬಂತು.